ಒಂದೇ ಯಂತ್ರದಲ್ಲಿ ಹಲವು ಯಂತ್ರ: ಹಳೆ ಬೆಂಗಳೂರಿನ ಉದ್ದಿಮೆಗಳಿಗೆ ಲಾಭವೆಷ್ಟು, ಹಂಗೆಷ್ಟು?

ಬೆಂಗಳೂರು: 'ಸರ್ವರ್ ಡೌನ್' ಎಂಬ ಎರಡು ಪದಗಳು ಈಗ ಕನ್ನಡದ್ದೇ ಆಗಿಬಿಟ್ಟಿವೆ. ಉಪನೋಂದಣಿ ಕಚೇರಿಯ ಮುಂದೆ ಸರದಿಯಲ್ಲಿ ನಿಂತವರಿಗೂ, ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಒತ್ತಿ ಕಾದವರಿಗೂ ಅದರ ಅರ್ಥವನ್ನು ವಿವರಿಸಬೇಕಿಲ್ಲ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ 'ಕಾವೇರಿ 2.0' ವ್ಯವಸ್ಥೆ ಸ್ಥಗಿತಗೊಂಡಾಗ ರಾಜ್ಯದ ಹಲವೆಡೆ ಕ್ರಯಪತ್ರಗಳ ನೋಂದಣಿ ನಿಂತುಹೋಗಿತ್ತು. ಕೃತಕ ಕೋರಿಕೆಗಳ ಪ್ರವಾಹವನ್ನೇ ಹರಿಸಿ ನಡೆಸಿದ ಸೈಬರ್ ದಾಳಿ ಇದಕ್ಕೆ ಕಾರಣವೆಂದು ಸರ್ಕಾರ ಆಗ ತಿಳಿಸಿತ್ತು.

ಸರ್ಕಾರದ ಸರ್ವರ್ ನಿಂತರೆ ಸುದ್ದಿಯಾಗುತ್ತದೆ. ಬಸವನಗುಡಿಯ ಲೆಕ್ಕಪರಿಶೋಧಕರ ಕಚೇರಿಯಲ್ಲಿ, ಚಾಮರಾಜಪೇಟೆಯ ಮುದ್ರಣಾಲಯದಲ್ಲಿ, ಮಲ್ಲೇಶ್ವರದ ನರ್ಸಿಂಗ್ ಹೋಂನಲ್ಲಿ ಸರ್ವರ್ ನಿಂತರೆ ಅದು ಯಾರ ಕಿವಿಗೂ ಬೀಳುವುದಿಲ್ಲ. ಆದರೆ ನಷ್ಟ ಮಾತ್ರ ಅಷ್ಟೇ ನಿಜ. ಲೆಕ್ಕಪತ್ರ ಸಲ್ಲಿಕೆಯ ಕೊನೆಯ ದಿನ, ಲಗ್ನಪತ್ರಿಕೆಗಳ ಅಚ್ಚಿನ ಋತು, ರೋಗಿಗಳ ಹಳೆಯ ದಾಖಲೆ ಇವು ಯಾವುವೂ ಯಂತ್ರ ದುರಸ್ತಿಯಾಗುವವರೆಗೆ ಕಾಯುವುದಿಲ್ಲ.

ಇಂತಹ ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಮುಂದೆ 'ವರ್ಚುವಲೈಸೇಷನ್' ಎಂಬ ತಂತ್ರಜ್ಞಾನದ ಪ್ರಶ್ನೆ ಈಗ ಮತ್ತೊಮ್ಮೆ ಬಂದು ನಿಂತಿದೆ. ಇದು ಹೊಸದೇನಲ್ಲ. ಆದರೆ ಕಳೆದ ಎರಡು ಮೂರು ವರ್ಷಗಳ ಬೆಳವಣಿಗೆಗಳು ಲೆಕ್ಕಾಚಾರವನ್ನೇ ಬದಲಿಸಿವೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಉಚಿತ ಬೆಂಬಲ ಅಂತ್ಯಗೊಂಡಿತು. ಕ್ಷೇತ್ರದ ಹಿರಿಯಣ್ಣನೆನಿಸಿದ್ದ ವಿಎಂವೇರ್ ಕಂಪನಿ ಮಾಲೀಕತ್ವ ಬದಲಾಗಿ, ಪರವಾನಗಿಯ ಕ್ರಮವನ್ನೇ ಬದಲಿಸಿತು. ಜೊತೆಗೆ ಲೆಕ್ಕಪತ್ರ ಮತ್ತು ದತ್ತಾಂಶ ರಕ್ಷಣೆಯ ನಿಯಮಗಳು ಬಿಗಿಯಾದವು. ಯಂತ್ರಗಳ ಸಂಖ್ಯೆ ತಗ್ಗಿಸಿ ಹಣ ಉಳಿಸುವುದು ಹೇಗೆ ಎಂಬುದಷ್ಟೇ ಈಗಿನ ಪ್ರಶ್ನೆಯಲ್ಲ. ಉಳಿಸಿದ ಮೇಲೆ ಯಾರ ಹಂಗಿನಲ್ಲಿ ಇರಬೇಕಾಗುತ್ತದೆ ಎಂಬುದೂ ಹೌದು.

ಏನಿದು ವರ್ಚುವಲೈಸೇಷನ್?

ಹಳೆ ಬೆಂಗಳೂರಿನವರಿಗೆ ಇದನ್ನು ಅರ್ಥ ಮಾಡಿಸಲು ವಠಾರದ ಉದಾಹರಣೆಯೊಂದೇ ಸಾಕು. 1892ರಲ್ಲಿ ರೂಪುಗೊಂಡ ಚಾಮರಾಜಪೇಟೆ, 1898ರ ಪ್ಲೇಗ್‌ನ ಕಾಲದಲ್ಲಿ ಬೆಳೆದ ಬಸವನಗುಡಿ ಮತ್ತು ಮಲ್ಲೇಶ್ವರಗಳ ಉದ್ದನೆಯ ನಿವೇಶನಗಳಲ್ಲಿ ಸಾಲುಮನೆಗಳನ್ನು ಕಟ್ಟಿ ಬಾಡಿಗೆಗೆ ಕೊಡುವ ರೂಢಿಯಿತ್ತು. ಆವರಣ ಒಂದು, ಬಾವಿ ಒಂದು. ಮನೆಗಳು ಎಂಟೋ ಹತ್ತೋ. ಪ್ರತಿ ಮನೆಗೂ ಅದರದೇ ಬಾಗಿಲು, ಅದರದೇ ಒಲೆ.

ಸರ್ವರ್ ವರ್ಚುವಲೈಸೇಷನ್ ಎಂದರೆ ಒಂದು ಶಕ್ತಿಶಾಲಿ ಗಣಕಯಂತ್ರವನ್ನು ಹೀಗೆ ಹಲವು ಒಕ್ಕಲುಗಳಿಗೆ ಹಂಚುವುದು. 'ಹೈಪರ್‌ವೈಸರ್' ಎಂಬ ತಂತ್ರಾಂಶ ಪ್ರೊಸೆಸರ್, ಮೆಮೊರಿ ಮತ್ತು ಡಿಸ್ಕ್‌ಗಳನ್ನು ಪಾಲು ಮಾಡಿ ಪ್ರತಿ ಪಾಲನ್ನೂ ಒಂದೊಂದು ಸ್ವತಂತ್ರ ಯಂತ್ರದಂತೆ ತೋರಿಸುತ್ತದೆ. ಒಂದರಲ್ಲಿ ವಿಂಡೋಸ್, ಇನ್ನೊಂದರಲ್ಲಿ ಲಿನಕ್ಸ್ ಏಕಕಾಲದಲ್ಲಿ ನಡೆಯಬಹುದು. ಒಂದು ಕುಸಿದರೆ ಪಕ್ಕದ್ದಕ್ಕೆ ಅದರ ಅರಿವೂ ಆಗದು. ಡೆಸ್ಕ್‌ಟಾಪ್ ವರ್ಚುವಲೈಸೇಷನ್ ಇದೇ ತತ್ವದ ಮುಂದುವರಿಕೆ. ನೌಕರನ ಮೇಜಿನ ಮೇಲಿನ ಕಂಪ್ಯೂಟರ್ ಕೇವಲ ಕಿಟಕಿಯಾಗುತ್ತದೆ, ಅವನ ಕೆಲಸವೆಲ್ಲ ಒಳಗಿನ ಸರ್ವರ್‌ನಲ್ಲಿ ನಡೆಯುತ್ತದೆ.

ಈ ಕಲ್ಪನೆಯ ಮೂಲ ಐಬಿಎಂ ಸಂಸ್ಥೆಯ ಬೃಹತ್ ಗಣಕಗಳಲ್ಲಿದೆ. 1972ರಲ್ಲಿಯೇ ಐಬಿಎಂ ಇಂತಹ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದಿತ್ತು. 1998ರಲ್ಲಿ ಅಮೆರಿಕದಲ್ಲಿ ಆರಂಭವಾದ ವಿಎಂವೇರ್ ಅದನ್ನು ಸಾಮಾನ್ಯ ಗಣಕಗಳಿಗೆ ಇಳಿಸಿತು. 2005-06ರ ವೇಳೆಗೆ ಇಂಟೆಲ್ ಮತ್ತು ಎಎಂಡಿ ಕಂಪನಿಗಳು ಚಿಪ್‌ನೊಳಗೇ ಇದಕ್ಕೆ ಬೆಂಬಲ ನೀಡಿದ ಮೇಲೆ ತಂತ್ರಜ್ಞಾನ ದೊಡ್ಡ ಕಂಪನಿಗಳ ಸೊತ್ತಾಗಿ ಉಳಿಯಲಿಲ್ಲ. ಇಂದು 'ಕ್ಲೌಡ್' ಎಂದು ಕರೆಯಲಾಗುವ ಸೇವೆಯ ಅಡಿಪಾಯವೂ ಇದೇ.

ವಿದ್ಯುತ್ ಬಿಲ್ಲಿನ ಲೆಕ್ಕ

ಹಳೆ ಬಡಾವಣೆಗಳ ಕಚೇರಿಗಳಲ್ಲಿ ಹಲವು ಇರುವುದು ವಾಸದ ಮನೆಗಳೆಂದು ಕಟ್ಟಿದ ಕಟ್ಟಡಗಳಲ್ಲಿ. ಪ್ರತ್ಯೇಕ ಸರ್ವರ್ ಕೋಣೆಗೆ ಅಲ್ಲಿ ಜಾಗವಿಲ್ಲ. ಮೆಟ್ಟಿಲ ಕೆಳಗೋ, ಹಿಂದಿನ ಉಗ್ರಾಣದಲ್ಲೋ ಯಂತ್ರಗಳನ್ನು ಇರಿಸಬೇಕು. ಬೇಸಗೆಯ ಸೆಕೆ, ಹೊತ್ತಲ್ಲದ ಹೊತ್ತಿನ ವಿದ್ಯುತ್ ಕಡಿತ ಇವೆರಡನ್ನೂ ನಿಭಾಯಿಸಬೇಕು. ಹೀಗಾಗಿ ಯಂತ್ರಗಳ ಸಂಖ್ಯೆ ತಗ್ಗುವುದು ಇಲ್ಲಿ ದೊಡ್ಡ ವಿಷಯವೇ ಸರಿ.

ಸರಳ ಲೆಕ್ಕವೊಂದನ್ನು ನೋಡಬಹುದು. ಲೆಕ್ಕಪತ್ರಕ್ಕೆ ಒಂದು, ಕಡತಗಳಿಗೆ ಒಂದು, ಹಾಜರಾತಿ ಮತ್ತು ವೇತನಕ್ಕೆ ಒಂದು, ಗ್ರಾಹಕರ ದಾಖಲೆಗೆ ಒಂದು ಎಂದು ನಾಲ್ಕು ಸರ್ವರ್‌ಗಳಿದ್ದು, ಪ್ರತಿಯೊಂದೂ ಸರಾಸರಿ 250 ವ್ಯಾಟ್ ವಿದ್ಯುತ್ ಬಳಸುತ್ತದೆ ಎಂದುಕೊಳ್ಳೋಣ. ಹಗಲಿರುಳು ನಡೆಯುವ ಈ ನಾಲ್ಕಕ್ಕೆ ದಿನಕ್ಕೆ 24 ಯೂನಿಟ್, ವರ್ಷಕ್ಕೆ 8,760 ಯೂನಿಟ್ ಬೇಕು. ಅದೇ ಕೆಲಸವನ್ನು 400 ವ್ಯಾಟ್‌ನ ಒಂದೇ ಯಂತ್ರಕ್ಕೆ ವಹಿಸಿದರೆ ವರ್ಷಕ್ಕೆ 3,504 ಯೂನಿಟ್ ಸಾಕು. ಉಳಿತಾಯ 5,256 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 42 ಸಾವಿರ ರೂಪಾಯಿ. ಯುಪಿಎಸ್, ಬ್ಯಾಟರಿ, ಹವಾನಿಯಂತ್ರಣದ ಮೇಲಿನ ಉಳಿತಾಯ ಇದರ ಹೊರಗಿನದು.

ಇದು ಸಾಧ್ಯವಾಗುವುದಕ್ಕೆ ಕಾರಣವಿದೆ. ಸಣ್ಣ ಕಚೇರಿಯ ಸರ್ವರ್ ದಿನದ ಬಹುಪಾಲು ಸುಮ್ಮನೆ ಕುಳಿತಿರುತ್ತದೆ. ಲೆಕ್ಕದ ಸರ್ವರ್‌ಗೆ ತಿಂಗಳ ಕೊನೆಯಲ್ಲಿ ಕೆಲಸ, ಹಾಜರಾತಿಯದಕ್ಕೆ ಬೆಳಗಿನ ಒಂದು ಗಂಟೆ. ಎಲ್ಲರಿಗೂ ಒಂದೇ ಹೊತ್ತಿಗೆ ಹಸಿವಾಗದ ಕಾರಣ ಒಂದೇ ಅಡುಗೆಮನೆ ಸಾಲುತ್ತದೆ.

ಆದರೆ ಯಂತ್ರ ನಾಲ್ಕರಿಂದ ಒಂದಾಯಿತೆಂದು ಪರವಾನಗಿಯೂ ನಾಲ್ಕರಿಂದ ಒಂದಾಗುವುದಿಲ್ಲ ಎಂಬುದು ಗಮನಾರ್ಹ. ವಿಂಡೋಸ್ ಸರ್ವರ್‌ನ ಸ್ಟ್ಯಾಂಡರ್ಡ್ ಆವೃತ್ತಿಯ ಪರವಾನಗಿ ಸಾಮಾನ್ಯವಾಗಿ ಎರಡು ವರ್ಚುವಲ್ ಯಂತ್ರಗಳಿಗೆ ಮಾತ್ರ ಅನ್ವಯಿಸುತ್ತದೆ. ನಾಲ್ಕು ಬೇಕಾದರೆ ಪರವಾನಗಿಯೂ ಇಮ್ಮಡಿಯಾಗಬೇಕು. ದೂರದಿಂದ ಸಂಪರ್ಕಿಸುವ ಬಳಕೆದಾರರಿಗೆ ಬೇರೆಯೇ ಅನುಮತಿ ಬೇಕು. ಉಳಿತಾಯದ ಉತ್ಸಾಹದಲ್ಲಿ ಈ ಬಾಬ್ತನ್ನು ಮರೆತವರು ಮುಂದೆ ಒಟ್ಟಿಗೇ ತೆರಬೇಕಾದೀತು.

ಮುದ್ರಣಾಲಯಗಳ ಹಳೆಯ ಅಕ್ಷರ

ಹಣಕ್ಕಿಂತ ಮಿಗಿಲಾದ ಮತ್ತೊಂದು ಲಾಭವಿದೆ. ಕನ್ನಡ ಸಾಹಿತ್ಯ ಪರಿಷತ್ತಿನ ನೆಲೆಯಾದ ಚಾಮರಾಜಪೇಟೆಯಲ್ಲಿ ಅದರ ಮಹತ್ವ ಹೆಚ್ಚು.

ಕನ್ನಡದ ಅಕ್ಷರ ಜೋಡಣೆ ಎರಡು ದಶಕಗಳಿಗೂ ಹೆಚ್ಚು ಕಾಲ ನಡೆದದ್ದು ಪೇಜ್‌ಮೇಕರ್ ಎಂಬ ತಂತ್ರಾಂಶದ ಮೇಲೆ. ಅದರ ಕೊನೆಯ ಆವೃತ್ತಿಯಾದ 7.0 ಬಂದದ್ದು 2001ರಲ್ಲಿ; 2004ರಲ್ಲಿ ಅಡೋಬಿ ಕಂಪನಿ ಅದರ ಅಭಿವೃದ್ಧಿಯನ್ನೇ ನಿಲ್ಲಿಸಿತು. ಪೇಜ್‌ಮೇಕರ್‌ಗೆ ಯೂನಿಕೋಡ್ ತಿಳಿಯದು. ಆ ಕಾಲದಲ್ಲಿ ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರ ಸಂಕೇತಗಳಲ್ಲಿ ಜೋಡಿಸಿದ ಪುಸ್ತಕಗಳು, ಸ್ಮರಣ ಸಂಚಿಕೆಗಳು, ಪಂಚಾಂಗಗಳು ಲೆಕ್ಕವಿಲ್ಲದಷ್ಟಿವೆ. ಮರುಮುದ್ರಣದ ಬೇಡಿಕೆ ಬಂದಾಗ ಮೂಲ ಕಡತವನ್ನು ತೆರೆಯಲು ಅಂದಿನ ತಂತ್ರಾಂಶವೇ ಬೇಕು. ಅದು ನಡೆಯಲು ಅಂದಿನ ವಿಂಡೋಸ್ ಬೇಕು. ಅದಕ್ಕೆ ಅಂದಿನ ಯಂತ್ರ ಬೇಕು. ವಿಂಡೋಸ್ ಎಕ್ಸ್‌ಪಿಯ ಬೆಂಬಲ ನಿಂತದ್ದು 2014ರ ಏಪ್ರಿಲ್ 8ರಂದು. ಆ ಯಂತ್ರದ ಮದರ್‌ಬೋರ್ಡ್ ಕೈಕೊಟ್ಟರೆ ಬಿಡಿಭಾಗ ಹುಡುಕಿಕೊಂಡು ಎಸ್.ಪಿ. ರಸ್ತೆಯ ಅಂಗಡಿಗಳನ್ನು ಸುತ್ತಬೇಕು. ಸಿಕ್ಕರೆ ಪುಣ್ಯ.

ವರ್ಚುವಲೈಸೇಷನ್ ಇಲ್ಲಿ ಆಪದ್ಬಾಂಧವನಂತೆ ಒದಗಿ ಬರುತ್ತದೆ. ಹಳೆಯ ಯಂತ್ರದ ಡಿಸ್ಕನ್ನು ಇಡಿಯಾಗಿ, ಅಕ್ಷರ ಶೈಲಿಗಳ ಸಮೇತ, ಒಂದು ಕಡತವನ್ನಾಗಿ ಪರಿವರ್ತಿಸಿ ಹೊಸ ಯಂತ್ರದೊಳಗೆ ನಡೆಸಬಹುದು. ಹೊರಗೆ ಇಂದಿನ ಗಣಕ, ಒಳಗೆ 2003ರ ಪರದೆ. ಹಳೆಯ ಪುಸ್ತಕವನ್ನು ಅಲ್ಲಿ ತೆರೆದು ಪಿಡಿಎಫ್ ಮಾಡಬಹುದು, ಅಥವಾ ಪಠ್ಯವನ್ನು ಹೊರತೆಗೆದು ಯೂನಿಕೋಡ್‌ಗೆ ಬದಲಿಸಬಹುದು.

ಇದಕ್ಕೂ ಕಟ್ಟುಪಾಡುಗಳಿವೆ. ಇಂತಹ ಹಳೆಯ ವಿಂಡೋಸನ್ನು ಅಂತರ್ಜಾಲಕ್ಕೆ ಜೋಡಿಸಲೇಬಾರದು. ಸುರಕ್ಷಾ ತೇಪೆಗಳಿಲ್ಲದ ಅದು ಬಾಗಿಲಿಲ್ಲದ ಮನೆಯಿದ್ದಂತೆ. ಕೆಲವು ತಂತ್ರಾಂಶಗಳು 'ಡಾಂಗಲ್' ಎಂಬ ಬೀಗದ ಕೈ ಸಿಕ್ಕಿಸಿದರೆ ಮಾತ್ರ ನಡೆಯುತ್ತವೆ. ಯುಎಸ್‌ಬಿ ಡಾಂಗಲ್ ಆದರೆ ಅದನ್ನು ವರ್ಚುವಲ್ ಯಂತ್ರಕ್ಕೆ ದಾಟಿಸಬಹುದು, ಹಳೆಯ ಪ್ರಿಂಟರ್ ಪೋರ್ಟಿನ ಡಾಂಗಲ್ ಆದರೆ ತೊಡಕು ಹೆಚ್ಚು. ಯಂತ್ರದ ಜೊತೆಗೇ ಬಂದ ವಿಂಡೋಸ್ ಪರವಾನಗಿಯನ್ನು ಬೇರೆ ಯಂತ್ರಕ್ಕೆ ಒಯ್ಯಲು ಸಾಮಾನ್ಯವಾಗಿ ಅವಕಾಶವಿಲ್ಲ ಎಂಬುದನ್ನೂ ಪರಿಶೀಲಿಸಿಕೊಳ್ಳಬೇಕು. ಮುಖ್ಯವಾಗಿ, ಇದು ಹಳೆಯ ಕಡತಗಳಿಗೆ ತಂಗುದಾಣವೇ ಹೊರತು ಶಾಶ್ವತ ಬಿಡಾರವಲ್ಲ. ಯೂನಿಕೋಡ್‌ಗೆ ಬದಲಾಗುವ ಕೆಲಸವನ್ನು ಮುಂದೂಡಲು ಇದು ನೆಪವಾಗಬಾರದು.

ಮೇಜಿನ ಮೇಲಿನ ಕಂಪ್ಯೂಟರ್‌ಗಳು

ವಿಂಡೋಸ್ 10ರ ಅಂತ್ಯ ಮತ್ತೊಂದು ಪ್ರಶ್ನೆಯನ್ನು ಮುಂದಿಟ್ಟಿದೆ. ವಿಂಡೋಸ್ 11 ನಡೆಯಲು ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಹಾಗೂ ಸ್ಥೂಲವಾಗಿ 2018ರ ಈಚಿನ ಪ್ರೊಸೆಸರ್ ಬೇಕು. ಚೆನ್ನಾಗಿಯೇ ನಡೆಯುತ್ತಿರುವ ಹಳೆಯ ಕಂಪ್ಯೂಟರ್‌ಗಳು ಈ ಕಾರಣಕ್ಕೆ ಅನರ್ಹವಾಗುತ್ತವೆ. ಹಣ ತೆತ್ತು ಸುರಕ್ಷಾ ತೇಪೆಗಳನ್ನು ಪಡೆಯುವ ಅವಕಾಶವನ್ನು ಮೈಕ್ರೋಸಾಫ್ಟ್ ಸಂಸ್ಥೆಗಳಿಗೆ ಗರಿಷ್ಠ ಮೂರು ವರ್ಷ ನೀಡಿದೆ. ಯಂತ್ರವೊಂದಕ್ಕೆ ಮೊದಲ ವರ್ಷದ ಘೋಷಿತ ದರ 61 ಡಾಲರ್. ಅದು ಪ್ರತಿ ವರ್ಷ ಇಮ್ಮಡಿಯಾಗುತ್ತದೆ.

ಇಪ್ಪತ್ತು ಕಂಪ್ಯೂಟರ್‌ಗಳಿರುವ ಕಚೇರಿಗೆ ಇರುವ ಇನ್ನೊಂದು ದಾರಿ ಎಂದರೆ ಡೆಸ್ಕ್‌ಟಾಪ್ ವರ್ಚುವಲೈಸೇಷನ್. ಹಳೆಯ ಯಂತ್ರಗಳಿಗೆ ಹಗುರವಾದ ಲಿನಕ್ಸ್ ಹಾಕಿ, ಅವುಗಳನ್ನು ಸರ್ವರ್‌ನೊಳಗಿನ ಡೆಸ್ಕ್‌ಟಾಪ್‌ಗೆ ಕಿಟಕಿಗಳನ್ನಾಗಿ ಬಳಸಬಹುದು. ನೌಕರ ಮೇಜು ಬದಲಿಸಿದರೂ ಅವನ ಪರದೆ ಅವನನ್ನು ಹಿಂಬಾಲಿಸುತ್ತದೆ. ಗ್ರಾಹಕರ ದಾಖಲೆಗಳು ಮೇಜಿನ ಮೇಲಿನ ಯಂತ್ರದಲ್ಲಿ ಉಳಿಯದ ಕಾರಣ ಲ್ಯಾಪ್‌ಟಾಪ್ ಕಳುವಾದರೂ ಗುಟ್ಟು ಕಳುವಾಗದು. 2020ರ ಲಾಕ್‌ಡೌನ್‌ನಲ್ಲಿ ಮನೆಯಿಂದ ಕೆಲಸ ಅನಿವಾರ್ಯವಾದಾಗ ಈ ಅನುಕೂಲದ ಬೆಲೆ ಎಲ್ಲರಿಗೂ ಮನವರಿಕೆಯಾಯಿತು.

ಆದರೆ ಎಲ್ಲ ಕೆಲಸಕ್ಕೂ ಇದು ಸಲ್ಲದು. ಲೆಕ್ಕ, ಪತ್ರ ವ್ಯವಹಾರ, ದಾಖಲೆ ನಮೂದು ಇವಕ್ಕೆ ಒಪ್ಪುತ್ತದೆ. ಪುಟ ವಿನ್ಯಾಸ, ಚಿತ್ರ ಸಂಕಲನ, ವಿಡಿಯೋಗಳಿಗೆ ಮೇಜಿನ ಮೇಲಿನ ಗಟ್ಟಿ ಯಂತ್ರವೇ ಲೇಸು. ಹತ್ತಕ್ಕಿಂತ ಕಡಿಮೆ ಮಂದಿಯಿರುವ ಕಚೇರಿಗೆ ಸರ್ವರ್, ಪರವಾನಗಿ ಮತ್ತು ನಿರ್ವಹಣೆಯ ಖರ್ಚು ಲಾಭವನ್ನು ನುಂಗಿಹಾಕುವ ಸಾಧ್ಯತೆಯೇ ಹೆಚ್ಚು. ಸರ್ವರ್ ನಿಂತರೆ ಒಬ್ಬರದಲ್ಲ, ಇಪ್ಪತ್ತೂ ಮಂದಿಯ ಪರದೆ ಕಪ್ಪಾಗುತ್ತದೆ.

ಕಾನೂನಿನ ಒತ್ತಾಯ

2022ರ ಆಗಸ್ಟ್‌ನಲ್ಲಿ ತಿದ್ದುಪಡಿಯಾದ ಕಂಪನಿ ಲೆಕ್ಕಪತ್ರ ನಿಯಮಗಳ ಪ್ರಕಾರ, ವಿದ್ಯುನ್ಮಾನ ರೂಪದ ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನ ಇರಿಸಬೇಕು. ಮೊದಲು 'ನಿಯತಕಾಲಿಕವಾಗಿ' ಎಂದಷ್ಟೇ ಇತ್ತು. ಲೆಕ್ಕದಲ್ಲಿ ಮಾಡಿದ ಪ್ರತಿ ತಿದ್ದುಪಡಿಯ ಜಾಡು ಉಳಿಸುವ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಸೈಬರ್ ಘಟನೆಗಳನ್ನು ಆರು ಗಂಟೆಗಳೊಳಗೆ ವರದಿ ಮಾಡಬೇಕೆಂದು ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿಯೇ ಆದೇಶಿಸಿದೆ. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟಗೊಂಡಿದ್ದು, ಅದರ ಮುಖ್ಯ ಹೊಣೆಗಾರಿಕೆಗಳ ಪಾಲನೆಗೆ 18 ತಿಂಗಳ ಕಾಲಾವಕಾಶ ನೀಡಲಾಗಿದೆ.

ಈ ಹೊರೆಯನ್ನು ಹೊರಲು ವರ್ಚುವಲೈಸೇಷನ್ ನೆರವಾಗುತ್ತದೆ. ಇಡೀ ಸರ್ವರ್ ಒಂದು ಕಡತವಾಗಿರುವುದರಿಂದ ರಾತ್ರಿ ಪ್ರತಿ ತೆಗೆದು ಬೇರೆಡೆ ಇರಿಸುವುದು ಸುಲಭ. ಯಂತ್ರ ಸುಟ್ಟುಹೋದರೆ ದಿನಗಟ್ಟಲೆ ತಂತ್ರಾಂಶಗಳನ್ನು ಮರುಸ್ಥಾಪಿಸುವ ಬದಲು, ಆ ಪ್ರತಿಯನ್ನು ಇನ್ನೊಂದು ಯಂತ್ರದಲ್ಲಿ ಕೆಲವೇ ಗಂಟೆಗಳಲ್ಲಿ ಎಬ್ಬಿಸಬಹುದು.

ಇಲ್ಲಿ ಹಲವರು ಎಡವುವ ಜಾಗವೊಂದಿದೆ. ಹೈಪರ್‌ವೈಸರ್‌ಗಳು 'ಸ್ನ್ಯಾಪ್‌ಶಾಟ್' ಎಂಬ ಅನುಕೂಲ ನೀಡುತ್ತವೆ. ತಂತ್ರಾಂಶ ನವೀಕರಿಸುವ ಮುನ್ನ ಒಂದು ಗುರುತು ಹಾಕಿ, ಕೆಟ್ಟರೆ ಹಿಂದಕ್ಕೆ ಮರಳಬಹುದು. ಇದು ಬ್ಯಾಕಪ್ ಅಲ್ಲ. ಸ್ನ್ಯಾಪ್‌ಶಾಟ್ ಸಾಮಾನ್ಯವಾಗಿ ಅದೇ ಡಿಸ್ಕ್‌ನಲ್ಲಿರುತ್ತದೆ. ಡಿಸ್ಕ್ ಹೋದರೆ ಎರಡೂ ಹೋಗುತ್ತವೆ.

ಬಾಡಿಗೆ ಏರಿಸಿದ ಮಾಲೀಕ

ವಠಾರದ ಮತ್ತೊಂದು ಮುಖವೂ ಹಳಬರಿಗೆ ಗೊತ್ತು. ಮಾಲೀಕ ಬದಲಾದರೆ ಒಕ್ಕಲಿನ ಬಾಳುವೆಯೂ ಬದಲಾಗುತ್ತದೆ.

2023ರ ನವೆಂಬರ್ 22ರಂದು ಬ್ರಾಡ್‌ಕಾಮ್ ಕಂಪನಿ ವಿಎಂವೇರ್ ಅನ್ನು ತನ್ನದಾಗಿಸಿಕೊಂಡಿತು. ಮರುತಿಂಗಳೇ, ಒಮ್ಮೆ ಹಣ ಕೊಟ್ಟು ಕಾಯಂ ಬಳಸುವ ಪರವಾನಗಿಗಳ ಮಾರಾಟ ನಿಂತು, ಅವಧಿಗೆ ಇಂತಿಷ್ಟೆಂದು ಚಂದಾ ಕಟ್ಟುವ ಪದ್ಧತಿ ಬಂದಿತು. ಬಿಡಿಬಿಡಿಯಾಗಿ ದೊರೆಯುತ್ತಿದ್ದ ಉತ್ಪನ್ನಗಳನ್ನು ಕೆಲವೇ ಕಟ್ಟುಗಳಲ್ಲಿ ಸೇರಿಸಲಾಯಿತು. ಉಚಿತವಾಗಿದ್ದ ಆವೃತ್ತಿಯನ್ನು 2024ರ ಫೆಬ್ರುವರಿಯಲ್ಲಿ ಹಿಂಪಡೆದು, 2025ರ ಏಪ್ರಿಲ್‌ನಲ್ಲಿ ಮರಳಿ ನೀಡಲಾಯಿತು. ತನಗೆ ಶೇ 1,050ರಷ್ಟು ಹೆಚ್ಚಳದ ಪ್ರಸ್ತಾವ ಬಂದಿದೆ ಎಂದು ಅಮೆರಿಕದ ದೂರವಾಣಿ ಕಂಪನಿ ಎಟಿ ಅಂಡ್ ಟಿ 2024ರಲ್ಲಿ ದೂರಿತ್ತು. ನ್ಯಾಯಾಲಯದ ಮೆಟ್ಟಿಲೇರಿದ ಆ ವಿವಾದ ಅದೇ ವರ್ಷ ರಾಜಿಯಲ್ಲಿ ಮುಗಿಯಿತು. ಎಟಿ ಅಂಡ್ ಟಿಯಂತಹ ದೈತ್ಯನಿಗೆ ವಕೀಲರ ಪಡೆಯಿದೆ. ಗಾಂಧಿಬಜಾರಿನ ಸಂಸ್ಥೆಗೆ ಅದಿಲ್ಲ.

ವಿಎಂವೇರ್‌ನ ದೊಡ್ಡ ಅಭಿವೃದ್ಧಿ ಕೇಂದ್ರಗಳಲ್ಲೊಂದು ಇದೇ ಬೆಂಗಳೂರಿನಲ್ಲಿ ಬೆಳೆದದ್ದು. ತಂತ್ರಜ್ಞಾನಕ್ಕೆ ಕೈಜೋಡಿಸಿದ ಊರಿನ ಸಣ್ಣ ಉದ್ದಿಮೆಗಳೇ ಅದರ ಬೆಲೆಗೆ ಬೆದರಬೇಕಾಗಿ ಬಂದದ್ದು ವಿಪರ್ಯಾಸ.

ಪರ್ಯಾಯಗಳಿಲ್ಲ ಎಂದಲ್ಲ. 2007ರಲ್ಲಿ ಲಿನಕ್ಸ್‌ನ ಭಾಗವಾದ ಕೆವಿಎಂ ಮುಕ್ತವಾಗಿ ದೊರೆಯುತ್ತದೆ. ಅದನ್ನಾಧರಿಸಿ ಆಸ್ಟ್ರಿಯದ ವಿಯೆನ್ನಾದಿಂದ 2008ರಲ್ಲಿ ಹೊರಬಂದ ಪ್ರಾಕ್ಸ್‌ಮಾಕ್ಸ್ ಹೊಸ ಬಳಕೆದಾರರನ್ನು ಸೆಳೆಯುತ್ತಿದೆ. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಝೆನ್ ಇದೆ, ಮೈಕ್ರೋಸಾಫ್ಟ್‌ನ ಹೈಪರ್-ವಿ ಇದೆ. ಮುಕ್ತ ತಂತ್ರಾಂಶ ಎಂದಾಕ್ಷಣ ಖರ್ಚೇ ಇಲ್ಲವೆಂದಲ್ಲ. ಪರವಾನಗಿಗೆ ಕೊಡುವ ಹಣದ ಒಂದು ಪಾಲನ್ನು ಬಲ್ಲವರಿಗೆ ಕೊಡಬೇಕಾಗುತ್ತದೆ. ಆದರೆ ಆ ಹಣ ಊರಿನಲ್ಲಿಯೇ ಉಳಿಯುತ್ತದೆ, ಬೇಡವೆನಿಸಿದರೆ ಬೇರೆಯವರನ್ನು ನೇಮಿಸಿಕೊಳ್ಳುವ ಸ್ವಾತಂತ್ರ್ಯವೂ ಉಳಿಯುತ್ತದೆ.

ಹೆಬ್ಬಾಗಿಲೇ ಮುರಿದರೆ?

ಎಲ್ಲವನ್ನೂ ಒಂದೆಡೆ ಸೇರಿಸುವುದರಲ್ಲಿ ಅಪಾಯವೂ ಒಂದೆಡೆ ಸೇರುತ್ತದೆ. 2023ರ ಫೆಬ್ರುವರಿಯಲ್ಲಿ 'ಇಎಸ್‌ಎಕ್ಸ್‌ಐಆರ್ಗ್ಸ್' ಎಂಬ ಸುಲಿಗೆ ತಂತ್ರಾಂಶ ವಿಶ್ವದ ಸಾವಿರಾರು ವಿಎಂವೇರ್ ಸರ್ವರ್‌ಗಳ ಮೇಲೆರಗಿತು. ಅದು ಬಳಸಿಕೊಂಡದ್ದೆಂದು ಹೇಳಲಾದ ದೋಷಕ್ಕೆ ಎರಡು ವರ್ಷ ಹಿಂದೆಯೇ ತೇಪೆ ಬಿಡುಗಡೆಯಾಗಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಹೈಪರ್‌ವೈಸರ್ ವಶವಾದರೆ ಒಳಗಿನ ಎಲ್ಲ ಯಂತ್ರಗಳೂ ವಶವಾದಂತೆ.

ಸಹಕಾರಿ ಬ್ಯಾಂಕುಗಳಿಗೆ ತಂತ್ರಜ್ಞಾನ ಸೇವೆ ಒದಗಿಸುವ ಸಿ-ಎಡ್ಜ್ ಸಂಸ್ಥೆಯ ಮೇಲೆ 2024ರ ಜುಲೈನಲ್ಲಿ ನಡೆದ ಸುಲಿಗೆ ದಾಳಿ ಇದೇ ಪಾಠವನ್ನು ಬೇರೆ ಬಗೆಯಲ್ಲಿ ಹೇಳಿತು. ರಾಷ್ಟ್ರೀಯ ಪಾವತಿ ನಿಗಮ ಮುನ್ನೆಚ್ಚರಿಕೆಯಾಗಿ ಅದರ ಸಂಪರ್ಕ ಕಡಿದಾಗ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆಗೆ ಅಡಚಣೆಯಾಗಿತ್ತೆಂದು ವರದಿಯಾಗಿತ್ತು. ಹಂಚಿಕೊಂಡ ವ್ಯವಸ್ಥೆಯಲ್ಲಿ ಸಂಕಟವೂ ಹಂಚಿಕೆಯಾಗುತ್ತದೆ.

ಮಾಡಬೇಕಾದ್ದೇನು?

ಹೊಸದಾಗಿ ಹೆಜ್ಜೆ ಇಡುವ ಉದ್ದಿಮೆಗಳು ಕೆಲವು ಸಂಗತಿಗಳನ್ನು ಮೊದಲೇ ಖಚಿತಪಡಿಸಿಕೊಳ್ಳುವುದು ಒಳಿತು.

ಮೊದಲನೆಯದು, ಎರಡನೇ ಯಂತ್ರ. ನಾಲ್ಕು ಸರ್ವರ್‌ಗಳನ್ನು ಒಂದಕ್ಕೆ ಇಳಿಸುವ ಬದಲು ಎರಡಕ್ಕೆ ಇಳಿಸಿದರೆ ಉಳಿತಾಯ ಸ್ವಲ್ಪ ತಗ್ಗೀತು. ಆದರೆ ಒಂದು ಕೆಟ್ಟ ದಿನ ಮತ್ತೊಂದು ಕೆಲಸಕ್ಕೆ ಒದಗುತ್ತದೆ.

ಎರಡನೆಯದು, ಕಟ್ಟಡದ ಹೊರಗಿನ ಪ್ರತಿ. ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ ಎಂಬುದು ಈ ಕ್ಷೇತ್ರದ ಹಳೆಯ ಸೂತ್ರ. ಅವುಗಳಲ್ಲಿ ಒಂದಾದರೂ ಜಾಲದಿಂದ ಪೂರ್ತಿ ಬೇರ್ಪಟ್ಟಿರಬೇಕು.

ಮೂರನೆಯದು, ತಾಲೀಮು. ಆರು ತಿಂಗಳಿಗೊಮ್ಮೆಯಾದರೂ ಬ್ಯಾಕಪ್ಪಿನಿಂದ ಇಡೀ ಸರ್ವರ್ ಎಬ್ಬಿಸಿ ನೋಡಬೇಕು. ಎಬ್ಬಿಸಿ ನೋಡದ ಬ್ಯಾಕಪ್ ಇದ್ದೂ ಇಲ್ಲದಂತೆ.

ನಾಲ್ಕನೆಯದು, ಹೈಪರ್‌ವೈಸರ್‌ನ ನಿರ್ವಹಣಾ ಬಾಗಿಲನ್ನು ಅಂತರ್ಜಾಲಕ್ಕೆ ತೆರೆದಿಡದಿರುವುದು ಮತ್ತು ತೇಪೆಗಳನ್ನು ಆಗಿಂದಾಗ್ಗೆ ಹಾಕುವುದು.

ಐದನೆಯದು ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು, ಹೊರಡುವ ದಾರಿ. ಒಪ್ಪಂದಕ್ಕೆ ಸಹಿ ಹಾಕುವ ಮುನ್ನವೇ, ಒಂದು ವರ್ಚುವಲ್ ಯಂತ್ರವನ್ನು ಬೇರೊಂದು ಹೈಪರ್‌ವೈಸರ್‌ಗೆ ಸಾಗಿಸಿ ನಡೆಸಿ ನೋಡಬೇಕು. ಪಾಸ್‌ವರ್ಡ್‌ಗಳು, ಪರವಾನಗಿ ಪತ್ರಗಳು, ಜೋಡಣೆಯ ವಿವರಗಳು ಸೇವೆ ನೀಡುವವರ ಕಿಸೆಯಲ್ಲಲ್ಲ, ಸಂಸ್ಥೆಯ ಬೀರುವಿನಲ್ಲಿರಬೇಕು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವಿಲ್ಲ ಎಂಬ ಗಾದೆ ಹೊಸದೇನಲ್ಲ. ವರ್ಚುವಲೈಸೇಷನ್ ಸಣ್ಣ ಉದ್ದಿಮೆಗೆ ಜಾಗ, ವಿದ್ಯುತ್, ಸಮಯ ಉಳಿಸಿಕೊಡುತ್ತದೆ. ಹಳೆಯ ಕನ್ನಡ ಕಡತಗಳಿಗೂ ಜೀವ ತುಂಬುತ್ತದೆ. ಇದರಲ್ಲಿ ಸಂಶಯವಿಲ್ಲ. ಆದರೆ ಮಾಲೀಕ ಬಾಡಿಗೆ ಏರಿಸಿದ ದಿನ ಗಂಟುಮೂಟೆ ಕಟ್ಟಿಕೊಂಡು ಬೇರೆಡೆ ಹೋಗಲು ಶಕ್ತಿಯಿರುವವನಿಗೆ ಮಾತ್ರ ಈ ಲಾಭ ದಕ್ಕುತ್ತದೆ. ಆ ಶಕ್ತಿ ಯಾವ ಕಟ್ಟಿನೊಂದಿಗೂ ಉಚಿತವಾಗಿ ಬರುವುದಿಲ್ಲ. ಉದ್ದಿಮೆಗಳೇ ಅದನ್ನು ಮೊದಲ ದಿನದಿಂದ ಕಟ್ಟಿಕೊಳ್ಳಬೇಕು.